ಸ್ಪ್ಯಾನಿಷ್ ಸುಲಭ, ಕಾಗದಪತ್ರ ಕಷ್ಟ

ವಿಜಯಪುರದಲ್ಲಿ ‘ಮಗ ಫಾರಿನ್‌ಗೆ ಓದಾಕ ಹೊಂಟಾನ’ ಅಂದರೆ ಯಾರೂ ಏನು ಓದಲು ಎಂದು ಕೇಳುವುದಿಲ್ಲ. ಎಂ.ಬಿ.ಬಿ.ಎಸ್. ಎಂದೇ ತಿಳಿದುಕೊಳ್ಳುತ್ತಾರೆ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ದೇಶ ಯಾವುದಾದರೂ ಕೋರ್ಸು ಒಂದೇ. 2022ರ ಫೆಬ್ರುವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಗಿ, ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಜೀವ ಕಳೆದುಕೊಂಡಾಗ, ಆ ಒಂದೇ ದಾರಿಯಲ್ಲಿ ಉತ್ತರ ಕರ್ನಾಟಕದ ಎಷ್ಟು ಮಕ್ಕಳು ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಅಂಥ ಕಡೆ, ತಿಕೋಟಾದ ದ್ರಾಕ್ಷಿ ತೋಟದ ಮನೆಯಿಂದಲೋ ಬಬಲೇಶ್ವರದ ಕಾಲೇಜಿನಿಂದಲೋ ಒಬ್ಬ ಹುಡುಗಿ ‘ನಾ ಸ್ಪ್ಯಾನಿಷ್ ಕಲೀತೀನಿ, ಆಮೇಲೆ ಸ್ಪೇನಿನೊಳಗ ಎಂ.ಎ. ಮಾಡ್ತೀನಿ’ ಅಂದಳೆನ್ನಿ. ಮನೆಯವರು, ನೆರೆಯವರು, ಮೇಷ್ಟ್ರು, ಏಜೆಂಟರು, ಎಲ್ಲರ ಹತ್ತಿರವೂ ಒಂದೊಂದು ಸಿದ್ಧ ಉತ್ತರ ಇರುತ್ತದೆ. ಅರ್ಧ ಉತ್ತರಗಳು ಹೆದರಿಸುತ್ತವೆ, ಅರ್ಧ ಆಸೆ ಹಚ್ಚುತ್ತವೆ. ಎರಡನ್ನೂ ನಂಬಬೇಕಾಗಿಲ್ಲ. ಭಾಷೆಯ ಬಗ್ಗೆ ನಮಗೆ ಬೇಡದ ಭಯ ಇದೆ, ಹಣ ಮತ್ತು ಕಾಗದಪತ್ರದ ಬಗ್ಗೆ ಇರಬೇಕಾದ ಭಯ ಇಲ್ಲ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಅದು ದೂರದ ಯಾವುದೋ ಒಂದು ದೇಶದ ಭಾಷೆ, ನಮಗೂ ಅದಕ್ಕೂ ಏನು ಸಂಬಂಧ?

ವಾಸ್ತವ: ಸ್ಪ್ಯಾನಿಷ್ 20 ಸ್ವತಂತ್ರ ದೇಶಗಳ ಅಧಿಕೃತ ಭಾಷೆ. ಸುಮಾರು 50 ಕೋಟಿ ಜನರಿಗೆ ಅದು ಮಾತೃಭಾಷೆ; ಮಾತೃಭಾಷಿಕರ ಲೆಕ್ಕದಲ್ಲಿ ಚೀನಾದ ಮ್ಯಾಂಡರಿನ್ ಬಿಟ್ಟರೆ ಇದೇ ಮುಂದು. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಒಂದು. ಸ್ಪ್ಯಾನಿಷ್ ಆಡುವವರು ಅತಿ ಹೆಚ್ಚಿರುವುದು ಸ್ಪೇನಿನಲ್ಲಲ್ಲ, ಮೆಕ್ಸಿಕೊದಲ್ಲಿ. (ಬ್ರೆಜಿಲ್ ಈ ಪಟ್ಟಿಯಲ್ಲಿಲ್ಲ. ಅಲ್ಲಿನದು ಪೋರ್ಚುಗೀಸ್. ಫುಟ್‌ಬಾಲ್ ನೋಡುವ ಹುಡುಗರೂ ಇದನ್ನು ತಪ್ಪು ಹೇಳುತ್ತಾರೆ.)

ಸಂಬಂಧದ ಮಾತಿಗೆ ದ್ರಾಕ್ಷಿಯಿಂದಲೇ ಬರೋಣ. ತಾಜಾ ದ್ರಾಕ್ಷಿ ರಫ್ತಿನಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ಪೆರು ಮತ್ತು ಚಿಲಿ ಎರಡೂ ಸ್ಪ್ಯಾನಿಷ್ ದೇಶಗಳು. ಪೆರುವಿನ ಇಕಾ ಪ್ರದೇಶ ಮಳೆಯೇ ಇಲ್ಲದ ಮರಳುಗಾಡು. ಹನಿ ನೀರಾವರಿಯಿಂದ ಅಲ್ಲಿ ದ್ರಾಕ್ಷಿ ಬೆಳೆದು ಯುರೋಪಿಗೆ ಕಳಿಸುತ್ತಾರೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರಿಗಾಗಿ ಕಾದವರಿಗೆ ಆ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಒಣದ್ರಾಕ್ಷಿ. ಸ್ಪೇನಿನ ದಕ್ಷಿಣ ತುದಿಯಲ್ಲಿ ಮಾಲಗಾ ಎಂಬ ಪ್ರಾಂತವಿದೆ. ಅದರ ಆಕ್ಸಾರ್ಕಿಯಾ ಗುಡ್ಡಗಳ ಇಳಿಜಾರಿನಲ್ಲಿ ಮಸ್ಕತ್ ಜಾತಿಯ ದ್ರಾಕ್ಷಿ ಬೆಳೆದು, ಹಾಸಿದ ಮಡಿಗಳ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಪದ್ಧತಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ತಿಕೋಟಾದಲ್ಲಿ ನಾವು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ ಬಲೆಯ ಅಟ್ಟಗಳ ಮೇಲೆ ಒಣಗಿಸುತ್ತೇವೆ. ಅವರದು ಬಿಸಿಲು, ನಮ್ಮದು ನೆರಳು. ಎರಡನ್ನೂ ಹೋಲಿಸಿ ಒಂದು ಪ್ರಬಂಧ ಬರೆಯಲು ಹಿಟ್ಟಿನಹಳ್ಳಿಯ ಕೃಷಿ ಕಾಲೇಜಿನ ವಿದ್ಯಾರ್ಥಿಗಿಂತ ಯೋಗ್ಯರು ಯಾರು? ಆದರೆ ಆಕ್ಸಾರ್ಕಿಯಾದ ರೈತನ ಜತೆ ಕೂತು ಮಾತಾಡಲು ಇಂಗ್ಲಿಷ್ ಸಾಲದು.

ಹಳೆಯ ಸಂಬಂಧವೂ ಉಂಟು. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಕಿತ್ತುಕೊಂಡದ್ದು ಬಿಜಾಪುರದ ಆದಿಲಶಾಹಿಗಳ ಕೈಯಿಂದ. 1580ರಲ್ಲಿ ಎರಡನೇ ಇಬ್ರಾಹಿಂ ಆದಿಲಶಹಾ ಪಟ್ಟಕ್ಕೆ ಬಂದ ವರ್ಷವೇ ಸ್ಪೇನಿನ ದೊರೆ ಎರಡನೇ ಫಿಲಿಪ್ ಪೋರ್ಚುಗಲ್ಲಿನ ಕಿರೀಟವನ್ನೂ ಪಡೆದ. ಅಲ್ಲಿಂದ 1640ರ ತನಕ ಗೋವಾದ ವೈಸ್‌ರಾಯ್ ಸ್ಪೇನಿನ ದೊರೆಯ ನೌಕರ. ಆಡಳಿತದ ಭಾಷೆ ಪೋರ್ಚುಗೀಸೇ ಆಗಿತ್ತು, ನಿಜ. ಆದರೂ ಇಬ್ರಾಹಿಂ ರೋಜಾ ಕಟ್ಟಿಸಿದ ದೊರೆಯ ಇಡೀ ಆಳ್ವಿಕೆಯಲ್ಲಿ ಅವನ ಪಶ್ಚಿಮದ ನೆರೆಯವನು ಮ್ಯಾಡ್ರಿಡ್‌ನ ಆಳು ಎಂಬುದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಮೂರನೆಯ ಸಂಬಂಧ ನನಗೆ ಬಹಳ ಇಷ್ಟವಾದದ್ದು. ಸ್ಪೇನಿನ ವಯ್ಯದೊಲಿದ್ ಎಂಬ ನಗರದಲ್ಲಿ 2003ರಲ್ಲಿ ಭಾರತೀಯ ರಾಯಭಾರ ಕಚೇರಿ, ಅಲ್ಲಿನ ವಿಶ್ವವಿದ್ಯಾಲಯ, ನಗರಸಭೆ ಮೂರೂ ಸೇರಿ ‘ಕಾಸಾ ದೆ ಲಾ ಇಂಡಿಯಾ’ ಎಂಬ ಸಾಂಸ್ಕೃತಿಕ ಕೇಂದ್ರ ಕಟ್ಟಿದವು. ಅದರ ನಿರ್ದೇಶಕ ಗಿಯೆರ್ಮೊ ರೊದ್ರಿಗೆಸ್ ಎ.ಕೆ. ರಾಮಾನುಜನ್ ಅವರ ಕಾವ್ಯವನ್ನು ಆಳವಾಗಿ ಅಭ್ಯಾಸ ಮಾಡಿ ಪುಸ್ತಕ ಬರೆದವರು. ರಾಮಾನುಜನ್ ಅಂದರೆ 1973ರ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ವಚನಗಳನ್ನು ಇಂಗ್ಲಿಷಿನಲ್ಲಿ ಜಗತ್ತಿಗೆ ಮುಟ್ಟಿಸಿದವರು. ಆ ವಚನಗಳು ಹಾಳಾಗದಂತೆ ಮನೆಮನೆ ತಿರುಗಿ ತಾಡೋಲೆ ಕೂಡಿಸಿ ಅಚ್ಚು ಹಾಕಿದವರು ಇದೇ ವಿಜಯಪುರದ ಫ.ಗು. ಹಳಕಟ್ಟಿ. ಹೀಗಿರುವಾಗ ಬಸವನ ಬಾಗೇವಾಡಿಯ ಕಡೆಯ ಒಬ್ಬ ವಿದ್ಯಾರ್ಥಿ ಸ್ಪ್ಯಾನಿಷ್ ಕಲಿತರೆ, ವಚನಗಳನ್ನು ಇಂಗ್ಲಿಷಿನ ಹಂಗಿಲ್ಲದೆ ನೇರ ಕನ್ನಡದಿಂದ ಅಲ್ಲಿಗೆ ಒಯ್ಯಬಹುದು. ಸ್ಪ್ಯಾನಿಷಿನಲ್ಲಿ ಬರೆದ ಮಾರ್ಕ್ವೆಜ್, ನೆರೂದಾ ನಮಗೆ ಬಹುಪಾಲು ಇಂಗ್ಲಿಷಿನ ಮೂಲಕವೇ ಬಂದವರು. ಎರಡೂ ಕಡೆಯ ಸುತ್ತುದಾರಿ ತಪ್ಪಿಸುವವರು ಬೇಕಾಗಿದ್ದಾರೆ.

ತಪ್ಪು ಕಲ್ಪನೆ: ಕನ್ನಡ ಮಾಧ್ಯಮದವರ ನಾಲಿಗೆಗೆ ಅದು ಹೊರಳುವುದಿಲ್ಲ.

ವಾಸ್ತವ: ಹೊರಳುವುದಷ್ಟೇ ಅಲ್ಲ, ಇಂಗ್ಲಿಷ್ ಮಾತೃಭಾಷೆಯ ಸಹಪಾಠಿಗಿಂತ ಮೊದಲೇ ಹೊರಳುತ್ತದೆ. ಸ್ಪ್ಯಾನಿಷಿನ ತ ಮತ್ತು ದ ನಮ್ಮ ತ, ದ ಹಾಗೆ ಹಲ್ಲಿಗೆ ತಾಗುವ ಧ್ವನಿಗಳು. ಅಮೆರಿಕದ ಹುಡುಗ ಅವನ್ನು ಟ, ಡ ಕಡೆಗೆ ಎಳೆದು ವರ್ಷಗಟ್ಟಲೆ ಬೈಸಿಕೊಳ್ಳುತ್ತಾನೆ. ಪ, ಕ ಉಸಿರು ಊದದೆ ಬರಬೇಕು. ನಮಗೆ ಅಲ್ಪಪ್ರಾಣ ಹುಟ್ಟಿನಿಂದಲೇ ಇದೆ. ಬರೆದಂತೆ ಓದುವ ಭಾಷೆ, ಸ್ವರಗಳು ಐದೇ. ‘ಞ’ ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಅಕ್ಷರ. ಅವರಿಗೆ ಅದಿಲ್ಲದೆ ತಮ್ಮ ದೇಶದ ಹೆಸರನ್ನೇ ಹೇಳಲಾಗದು, ‘ಎಸ್ಪಾಞಾ’. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಒತ್ತಿ ಹೊಡೆಯುವ ರ್ರ. ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ಇಂಗ್ಲಿಷರು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವ ಈ ಧ್ವನಿ ‘ಬರ್ರಿ, ಕೂಡ್ರಿ’ ಅನ್ನುವ ನಾಡಿನವರಿಗೆ ಒಂದು ವಿಷಯವೇ ಅಲ್ಲ.

ವ್ಯಾಕರಣವೂ ನಾವು ಅಂದುಕೊಂಡಷ್ಟು ಪರಕೀಯವಲ್ಲ. ‘ನಾನು’ ‘ನೀನು’ ಎಂದು ಹೇಳದೆಯೇ ಕ್ರಿಯಾಪದದ ಕೊನೆ ನೋಡಿ ಯಾರು ಎಂದು ತಿಳಿಯುವುದು ಕನ್ನಡದ ಹಾಗೇ. ‘ನನಗೆ ಹಿಡಿಸುತ್ತದೆ’ ಎಂಬ ನಮ್ಮ ಚತುರ್ಥಿ ವಾಕ್ಯದ ಅಚ್ಚೇ ಅವರ ‘ಮೆ ಗುಸ್ತಾ’ದಲ್ಲಿದೆ, ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಮುಗ್ಗರಿಸುತ್ತಾರೆ, ಕನ್ನಡದಲ್ಲಿ ಯೋಚಿಸುವವರು ಮುಗ್ಗರಿಸಬೇಕಿಲ್ಲ. ಏಕವಚನ, ಬಹುವಚನದ ಮರ್ಯಾದೆಯೂ ಇದೆ, ‘ತೂ’ ಮತ್ತು ‘ಉಸ್ತೆದ್’. ಆದರೆ ಸ್ಪೇನಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರಿಗೂ ಸಾಮಾನ್ಯವಾಗಿ ‘ತೂ’ ಅನ್ನುತ್ತಾರೆ. ಮಾತಿಗೊಂದು ‘ರೀ’ ಹಚ್ಚಿ ಬೆಳೆದ ನಮ್ಮ ಮಕ್ಕಳಿಗೆ ಇದು ವ್ಯಾಕರಣಕ್ಕಿಂತ ಕಷ್ಟ.

ಕಷ್ಟ ಇಲ್ಲವೆಂದಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು; ಜಡವಸ್ತುಗಳೆಲ್ಲ ನಪುಂಸಕವಾದ ಕನ್ನಡಕ್ಕೆ ಇದು ಹೊಸದು. ಹಿಂದಿ, ಮರಾಠಿ ಅಥವಾ ದಖನಿ ಉರ್ದು ಕಿವಿಗೆ ಬಿದ್ದವರಿಗೆ ಅಷ್ಟು ಹೊಸದಲ್ಲ, ಮತ್ತು ವಿಜಯಪುರದಲ್ಲಿ ಈ ಮೂರೂ ಕಿವಿಗೆ ಬೀಳದವರು ಕಡಿಮೆ. ‘ಇರು’ ಎಂಬುದಕ್ಕೆ ಎರಡು ಕ್ರಿಯಾಪದ, ಭೂತಕಾಲದಲ್ಲಿ ಎರಡು ಬಗೆ, ಆಸೆ–ಅನುಮಾನಗಳಿಗೆ ಬೇರೆಯೇ ಒಂದು ಕ್ರಿಯಾರೂಪ: ಇವು ಎರಡನೇ ವರ್ಷ ಬೆವರಿಳಿಸುತ್ತವೆ. ನಮ್ಮ ದೇಶದ ಸ್ಪ್ಯಾನಿಷ್ ಪದವಿ ತರಗತಿಗಳು ಹೇಗೂ ಮೊದಲ ಅಕ್ಷರದಿಂದ ಶುರುವಾಗುತ್ತವೆ. ದೆಹಲಿಯಲ್ಲಿ ಓದಿ ಬಂದವನಿಗೂ ತಿಕೋಟಾದವಳಿಗೂ ಅಲ್ಲಿ ಮೊದಲ ದಿನ ಒಂದೇ ಪಾಠ. ಆದರೆ ಇಂಗ್ಲಿಷ್ ಸ್ವಲ್ಪವಾದರೂ ಬೇಕು, ಅದನ್ನು ಮುಚ್ಚಿಡುವುದು ಬೇಡ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ ಕನ್ನಡದಲ್ಲೂ ನಡೆಯುತ್ತದೆ; ಹಾಗಿದ್ದರೂ ವಿದೇಶಿ ಭಾಷೆಯ ಪದವಿಗಳು ಸಾಮಾನ್ಯವಾಗಿ ಇಂಗ್ಲಿಷ್ ಪತ್ರಿಕೆ ಕೇಳುತ್ತವೆ, ಪಠ್ಯಪುಸ್ತಕಗಳ ವಿವರಣೆಯೂ ಇಂಗ್ಲಿಷಿನಲ್ಲೇ ಇರುತ್ತದೆ.

ತಪ್ಪು ಕಲ್ಪನೆ: ಮೊಬೈಲ್ ಆ್ಯಪ್ ಹಾಕಿಕೊಂಡು ಆರು ತಿಂಗಳಲ್ಲಿ ಕಲಿಯಬಹುದು.

ವಾಸ್ತವ: ಆರು ತಿಂಗಳಲ್ಲಿ ಹೋಟೆಲಿನಲ್ಲಿ ನೀರು ಕೇಳಬಹುದು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದಲ್ಲ, ಆ ಸಂಸ್ಥೆ ಸ್ಪ್ಯಾನಿಷನ್ನು ಅತಿ ಸುಲಭದ ಗುಂಪಿನಲ್ಲಿಟ್ಟಿದೆ. ಅಷ್ಟಿದ್ದರೂ ಅದು ಆರೇಳು ನೂರು ಗಂಟೆಗಳ ತರಗತಿ ಲೆಕ್ಕ ಹಾಕುತ್ತದೆ. ದಿನಕ್ಕೆ ಎರಡು ಗಂಟೆಯಂತೆ, ಹಬ್ಬ–ಜಾತ್ರೆ ಅನ್ನದೆ ಕೂತರೂ ಒಂದು ವರ್ಷ. ಯುರೋಪಿನ ಲೆಕ್ಕದಲ್ಲಿ ಭಾಷಾಜ್ಞಾನಕ್ಕೆ ಎ1ರಿಂದ ಸಿ2ರ ತನಕ ಆರು ಮೆಟ್ಟಿಲು. ಸ್ಪ್ಯಾನಿಷಿನಲ್ಲಿ ಪಾಠ ನಡೆಯುವ ಸ್ನಾತಕೋತ್ತರ ಕೋರ್ಸುಗಳು ಬಹುಮಟ್ಟಿಗೆ ನಾಲ್ಕನೆಯ ಮೆಟ್ಟಿಲಾದ ಬಿ2 ಕೇಳುತ್ತವೆ. ಅದನ್ನು ತೋರಿಸಲು ‘ಡೆಲೆ’ ಎಂಬ ಪರೀಕ್ಷೆ ಇದೆ. ಸ್ಪೇನ್ ಸರಕಾರದ ಪರವಾಗಿ ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್ ನಡೆಸುತ್ತದೆ, ಭಾರತದಲ್ಲೇ ಬರೆಯಬಹುದು, ಒಮ್ಮೆ ಪಾಸಾದರೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಮಾತಿಲ್ಲ.

ತಪ್ಪು ಕಲ್ಪನೆ: ಕಲಿಯಬೇಕೆಂದರೆ ಅಲ್ಲಿಗೇ ಹೋಗಬೇಕು, ಇಲ್ಲೆಲ್ಲ ಅದು ದೊಡ್ಡ ಶಹರದ ಮಕ್ಕಳ ಶೋಕಿ.

ವಾಸ್ತವ: ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಮತ್ತು ಹೈದರಾಬಾದಿನ ಇಂಗ್ಲಿಷ್ ಹಾಗೂ ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ, ಅಂದರೆ ಇಫ್ಲೂದಲ್ಲಿ, ಬಿ.ಎ.ಯಿಂದಲೇ ಸ್ಪ್ಯಾನಿಷ್ ಓದಬಹುದು. ಶುಲ್ಕ ಕೇಂದ್ರ ಸರಕಾರದ ದರ. ವಿಜಯಪುರದವರಿಗೆ ಹೈದರಾಬಾದು ಬೆಂಗಳೂರಿಗಿಂತ ಹತ್ತಿರ ಎಂಬುದನ್ನು ನಾವು ಯಾಕೋ ಮರೆಯುತ್ತೇವೆ. ಇಫ್ಲೂ ಕನ್ನಡಕ್ಕೆ ಅಪರಿಚಿತವೂ ಅಲ್ಲ. ಅದಿನ್ನೂ ಸಿ.ಐ.ಇ.ಎಫ್.ಎಲ್. ಆಗಿದ್ದಾಗ ಕಾಸರಗೋಡಿನ ಕವಿ ಕೆ.ವಿ. ತಿರುಮಲೇಶ್ ಅಲ್ಲಿ ಬಹುಕಾಲ ಪಾಠ ಮಾಡಿದರು, ಮುಂದೆ ‘ಅಕ್ಷಯ ಕಾವ್ಯ’ಕ್ಕೆ 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನೆ ಬಿಡಲಾಗದವರಿಗೆ ಇಗ್ನೊದ ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿಯ ಸರ್ಟಿಫಿಕೇಟ್ ಕೋರ್ಸ್ ಉಂಟು, ಇಗ್ನೊದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಈ ಸಲದ ಪ್ರವೇಶದಲ್ಲಿ ಆ ಕೋರ್ಸ್ ಇದೆಯೇ ಎಂದು ಅಲ್ಲೇ ಹೋಗಿ ಕೇಳಿ.

ಶೋಕಿ ಅನ್ನುವವರು ಅನಂತಪುರ ನೋಡಬೇಕು. ನಮ್ಮಂತೆಯೇ ಬರದ ಜಿಲ್ಲೆ, ಕರ್ನಾಟಕದ ಗಡಿಗೆ ಅಂಟಿಕೊಂಡದ್ದು, ರಾಯದುರ್ಗದ ಕಡೆ ಕನ್ನಡ ಆಡುವವರೂ ಇದ್ದಾರೆ. ಬಾರ್ಸಿಲೋನಾದಲ್ಲಿ 1920ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1952ರಲ್ಲಿ ಕ್ರೈಸ್ತ ಮಿಷನರಿಯಾಗಿ ಭಾರತಕ್ಕೆ ಬಂದು, ಮಹಾರಾಷ್ಟ್ರದ ಮನಮಾಡದಲ್ಲಿ ರೈತರಿಗೆ ಬಾವಿ ತೋಡಿಸಿದರು. 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷ ತಿರುಗಿ ಬಂದು ಅನಂತಪುರದಲ್ಲಿ ನೆಲೆಯೂರಿ, 2009ರಲ್ಲಿ ಅಲ್ಲೇ ತೀರಿಕೊಂಡರು. ಅವರು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಹಳ್ಳಿಯ ಬಡ ಪದವೀಧರರಿಗಾಗಿಯೇ ಅನಂತಪುರದಲ್ಲಿ ವಿದೇಶಿ ಭಾಷೆಗಳ ಶಾಲೆ ನಡೆಸಿಕೊಂಡು ಬಂದಿದೆ. ತೆಲುಗು ಮಾಧ್ಯಮದಲ್ಲಿ ಓದಿದ ಕೂಲಿಕಾರರ ಮಕ್ಕಳು ಅಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಕಲಿತು ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಕೆಲಸ ಹಿಡಿದಿದ್ದಾರೆ. ಬರದ ಜಿಲ್ಲೆಯ ಮಕ್ಕಳಿಗೆ ಸ್ಪ್ಯಾನಿಷ್ ಆಗಿಬರುತ್ತದೆಯೇ ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ತಪ್ಪು ಕಲ್ಪನೆ: ಸ್ಪೇನಿನಲ್ಲಿ ಎಲ್ಲಿ ಹೋದರೂ ಸ್ಪ್ಯಾನಿಷೇ.

ವಾಸ್ತವ: ಸ್ಪ್ಯಾನಿಷ್ ಎಲ್ಲೆಡೆ ನಡೆಯುತ್ತದೆ, ಆದರೆ ಅದೊಂದೇ ಅಲ್ಲ. ಬಾರ್ಸಿಲೋನಾದಲ್ಲಿ ಕತಲಾನ್, ವಲೆನ್ಸಿಯಾದಲ್ಲಿ ವಲೆನ್ಸಿಯನ್, ಗಲೀಸಿಯಾದಲ್ಲಿ ಗಲೀಸಿಯನ್, ಬಾಸ್ಕ್ ನಾಡಿನಲ್ಲಿ ಯಾವ ನೆರೆಭಾಷೆಗೂ ನಂಟಿಲ್ಲದ ಬಾಸ್ಕ್. ಕತಲಾನ್ ಅನ್ನು ‘ಸ್ಪ್ಯಾನಿಷಿನ ಉಪಭಾಷೆ’ ಅಂದರೆ ಅಲ್ಲಿನವರು ಸಿಟ್ಟಾಗುತ್ತಾರೆ. ಬೆಳಗಾವಿಯ ಗಡಿ ವಿವಾದ ಕಂಡವರಿಗೆ ಆ ಸಿಟ್ಟು ಅರ್ಥವಾಗಬೇಕು. ಬಾರ್ಸಿಲೋನಾದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಎಷ್ಟೋ ಪಾಠಗಳು ಕತಲಾನ್‌ನಲ್ಲೇ ನಡೆಯುತ್ತವೆ. ಅರ್ಜಿ ಹಾಕುವ ಮೊದಲು ಪ್ರತಿ ವಿಷಯದ ಬೋಧನಾ ಭಾಷೆ ನೋಡಿಕೊಳ್ಳಿ. ಭಾಷೆಗಾಗಿಯೇ ಹೋಗುವವರಿಗೆ ಸಲಮಂಕಾ, ಗ್ರನಾದಾ, ವಯ್ಯದೊಲಿದ್‌ನಂಥ ನಡುಗಾತ್ರದ ಊರುಗಳು ಮೇಲು. ಬಾಡಿಗೆಯೂ ಕಡಿಮೆ, ಇಂಗ್ಲಿಷ್ ಆಡುವವರೂ ಕಡಿಮೆ. ಸಲಮಂಕಾ ವಿಶ್ವವಿದ್ಯಾಲಯ 1218ರದು. ಗ್ರನಾದಾದಲ್ಲಿ ಅಲ್‌ಹಂಬ್ರಾ ಇದೆ. ಗೋಳಗುಮ್ಮಟದ ನೆರಳಲ್ಲಿ ಬೆಳೆದವರು ಅಲ್ಲಿ ನಿಂತರೆ ಕಣ್ಣಿಗೆ ಪರಕೀಯ ಅನ್ನಿಸುವುದು ಕಡಿಮೆಯೇ. 1490ರ ಹೊತ್ತಿಗೆ ಇಲ್ಲಿ ಆದಿಲಶಾಹಿ ತಲೆ ಎತ್ತಿತು, 1492ರಲ್ಲಿ ಅಲ್ಲಿ ಕೊನೆಯ ಸುಲ್ತಾನ ಗ್ರನಾದಾ ಬಿಟ್ಟುಕೊಟ್ಟ.

ತಪ್ಪು ಕಲ್ಪನೆ: ಹೊಲ ಮಾರಿದರಷ್ಟೇ ಸಾಧ್ಯ. ಇಲ್ಲವೇ ಇದರ ತದ್ವಿರುದ್ಧ: ಯುರೋಪಿನಲ್ಲಿ ಓದು ಪುಕ್ಕಟೆ.

ವಾಸ್ತವ: ಎರಡೂ ಅಲ್ಲ. ಸರಕಾರಿ ವಿಶ್ವವಿದ್ಯಾಲಯದ ಶುಲ್ಕವನ್ನು ಆಯಾ ಸ್ವಾಯತ್ತ ಪ್ರದೇಶ ನಿಗದಿ ಮಾಡುತ್ತದೆ. ಆಂಡಲೂಸಿಯಾದಲ್ಲಿ ಪದವಿಯ ಒಂದು ಕ್ರೆಡಿಟ್ ದರ ಬಹಳ ವರ್ಷಗಳಿಂದ 12.62 ಯೂರೊ, ವರ್ಷದ 60 ಕ್ರೆಡಿಟ್‌ಗೆ 757 ಯೂರೊ. ನಮ್ಮ ಎಷ್ಟೋ ಖಾಸಗಿ ಕಾಲೇಜುಗಳಿಗಿಂತ ಅಗ್ಗ. ಬೇರೆ ಕೆಲವು ಪ್ರದೇಶಗಳು ಐರೋಪ್ಯ ಒಕ್ಕೂಟದ ಹೊರಗಿನವರಿಂದ ಇದರ ಹಲವು ಪಟ್ಟು ವಸೂಲಿ ಮಾಡುತ್ತವೆ, ಸ್ನಾತಕೋತ್ತರಕ್ಕಂತೂ ಇನ್ನೂ ಹೆಚ್ಚು. ಖಾಸಗಿಯವರ ಲೆಕ್ಕ ಲಕ್ಷಗಳಲ್ಲೇ ಶುರುವಾಗುತ್ತದೆ.

ದೊಡ್ಡ ಖರ್ಚು ಶುಲ್ಕವಲ್ಲ, ಬದುಕು. ವೀಸಾಕ್ಕೆ ತಿಂಗಳಿಗೆ ಕನಿಷ್ಠ 600 ಯೂರೊದಂತೆ ಹಣ ಇದೆ ಎಂದು ತೋರಿಸಬೇಕು. ಯೂರೊಗೆ ನೂರು ರೂಪಾಯಿ ಲೆಕ್ಕ ಹಿಡಿದರೆ ವರ್ಷಕ್ಕೆ 7 ಲಕ್ಷ 20 ಸಾವಿರ. ಇದರ ಮೇಲೆ ವಿಮಾನ, ಆರೋಗ್ಯ ವಿಮೆ, ಮನೆಯ ಮುಂಗಡ. ಮ್ಯಾಡ್ರಿಡ್, ಬಾರ್ಸಿಲೋನಾದಲ್ಲಿ ಆ 600 ಒಂದು ಕೋಣೆಯ ಬಾಡಿಗೆಗೇ ಹೋದರೂ ಹೋಯಿತು.

ನೆರವಿನ ದಾರಿಗಳಿವೆ. ಎರಡು ಮೂರು ದೇಶಗಳಲ್ಲಿ ಓದುವ ಎರಾಸ್ಮಸ್ ಮುಂಡುಸ್ ಸ್ನಾತಕೋತ್ತರ ಕೋರ್ಸುಗಳಲ್ಲಿ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೊ, ಶುಲ್ಕವೂ ಮನ್ನಾ; ಭಾರತದ ವಿದ್ಯಾರ್ಥಿಗಳು ಇದನ್ನು ದೊಡ್ಡ ಸಂಖ್ಯೆಯಲ್ಲಿ ಗೆಲ್ಲುತ್ತ ಬಂದಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರಕಾರದ ‘ಪ್ರಬುದ್ಧ’ ಯೋಜನೆ ಇದೆ. ಯಾವ ವಿಷಯಕ್ಕೆ, ಯಾವ ರ‍್ಯಾಂಕಿನ ವಿಶ್ವವಿದ್ಯಾಲಯಕ್ಕೆ ಎಂಬ ಷರತ್ತುಗಳು ಬದಲಾಗುತ್ತಿರುತ್ತವೆ; ವಿಜಯಪುರದ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಆ ವರ್ಷದ ಸುತ್ತೋಲೆಯನ್ನೇ ಕೇಳಿ ಪಡೆಯಿರಿ, ಬಾಯಿಮಾತು ನಂಬಬೇಡಿ.

ಏಜೆಂಟರ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಸ್ಪೇನಿನಲ್ಲಿ ಎರಡು ಬಗೆಯ ಮಾಸ್ಟರ್ ಪದವಿಗಳಿವೆ: ಸರಕಾರ ಮಾನ್ಯ ಮಾಡಿದ ‘ಒಫಿಸಿಯಾಲ್’, ಮತ್ತು ವಿಶ್ವವಿದ್ಯಾಲಯ ತನ್ನದೇ ಹೆಸರಲ್ಲಿ ಕೊಡುವ ‘ಪ್ರೋಪಿಯೊ’. ಎರಡನೆಯದು ಮೋಸವಲ್ಲ, ಒಳ್ಳೆಯ ಕೋರ್ಸೂ ಇರಬಹುದು; ಆದರೆ ಅದನ್ನು ಹಿಡಿದು ಅಲ್ಲಿ ಪಿಎಚ್‌.ಡಿ.ಗೆ ಹೋಗುವುದಾಗಲಿ, ಇಲ್ಲಿ ಸರಕಾರಿ ನೌಕರಿಗೆ ತೋರಿಸುವುದಾಗಲಿ ಕಷ್ಟ. ಕಮಿಷನ್ ಹೆಚ್ಚು ಸಿಗುವುದು ಯಾವುದಕ್ಕೆ ಎಂಬುದನ್ನು ನೀವೇ ಊಹಿಸಿ. ಮಾನ್ಯ ಪದವಿಗಳ ಪಟ್ಟಿ ‘ರುಕ್ತ್’ ಎಂಬ ಸರಕಾರಿ ನೋಂದಣಿಯಲ್ಲಿ ಎಲ್ಲರಿಗೂ ತೆರೆದಿದೆ. ಅದರಲ್ಲಿ ಕೋರ್ಸಿನ ಹೆಸರು ಕಾಣದೆ ಒಂದು ರೂಪಾಯಿಯೂ ಕಟ್ಟಬೇಡಿ.

ತಪ್ಪು ಕಲ್ಪನೆ: ಪಾರ್ಟ್‌ಟೈಮ್ ಕೆಲಸ ಮಾಡಿ ಸಾಲ ತೀರಿಸಬಹುದು.

ವಾಸ್ತವ: ಕಾನೂನು ವಾರಕ್ಕೆ 30 ಗಂಟೆಯ ತನಕ ಕೆಲಸಕ್ಕೆ ಬಿಡುತ್ತದೆ, ಓದಿಗೆ ಅಡ್ಡಿಯಾಗದಂತೆ. ಆದರೆ ಸ್ಪೇನ್ ಯುವಕರ ನಿರುದ್ಯೋಗ ಹೆಚ್ಚಿರುವ ದೇಶ. ಭಾಷೆ ಸರಿಯಾಗಿ ಬಾರದವರಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸವೂ ಸಲೀಸಾಗಿ ಸಿಗದು. ಕೈಖರ್ಚು ಹೊರಟರೆ ಹೊರಟಿತು; ಬ್ಯಾಂಕಿನ ಕಂತನ್ನು ಅದರ ಮೇಲೆ ನಿಲ್ಲಿಸಬೇಡಿ.

ತಪ್ಪು ಕಲ್ಪನೆ: ಸೀಟು ಸಿಕ್ಕರೆ ಮುಗಿಯಿತು, ಉಳಿದದ್ದು ಬರೀ ಫಾರ್ಮಾಲಿಟಿ.

ವಾಸ್ತವ: ಇಲ್ಲೇ ಹೆಚ್ಚಿನವರು ಸೋಲುತ್ತಾರೆ. ಅಂಕಪಟ್ಟಿ, ಪದವಿ ಪತ್ರಗಳಿಗೆ ಮೊದಲು ರಾಜ್ಯಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ತಿಲ್ ಮುದ್ರೆ, ಆಮೇಲೆ ಸ್ಪೇನ್ ಮಾನ್ಯ ಮಾಡಿದ ಭಾಷಾಂತರಕಾರರಿಂದ ಸ್ಪ್ಯಾನಿಷಿಗೆ ಅನುವಾದ. ಆರು ತಿಂಗಳಿಗಿಂತ ಹೆಚ್ಚು ಇರುವವರಿಗೆ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ಪ್ರಮಾಣಪತ್ರ ಬೇರೆ. ಪಿಯುಸಿ ಮುಗಿಸಿ ನೇರ ಪದವಿಗೆ ಹೋಗುವುದಾದರೆ ಪಿಯುಸಿಯನ್ನು ಅಲ್ಲಿನ ಸಮಾನ ದರ್ಜೆಗೆ ತರಿಸುವ ‘ಒಮೊಲೊಗಾಸಿಯೊನ್’ ಮತ್ತು ಪ್ರವೇಶ ಪರೀಕ್ಷೆ ಎರಡೂ ಎದುರಾಗುತ್ತವೆ. ಫಲಿತಾಂಶ ಬರುವುದು ಬೇಸಗೆಯಲ್ಲಿ, ತರಗತಿ ಶುರುವಾಗುವುದು ಸೆಪ್ಟೆಂಬರಿನಲ್ಲಿ. ನಡುವಿನ ತಿಂಗಳುಗಳಲ್ಲಿ ಇದು ಮುಗಿಯುವುದಿಲ್ಲ. ಇಲ್ಲೇ ಪದವಿ ಮುಗಿಸಿ ಮಾಸ್ಟರ್‌ಗೆ ಹೋಗುವುದೇ ನೇರ ದಾರಿ; ಅದಕ್ಕೆ ಒಮೊಲೊಗಾಸಿಯೊನ್ ಬೇಡ, ವಿಶ್ವವಿದ್ಯಾಲಯವೇ ನಿಮ್ಮ ಪದವಿಯನ್ನು ಪರಿಶೀಲಿಸಿ ಒಳಗೆ ಬಿಡುತ್ತದೆ.

ವಿಜಯಪುರದವರಿಗೇ ವಿಶೇಷವಾದ ತೊಡಕೊಂದಿದೆ. 2014ರ ನವೆಂಬರಿನಲ್ಲಿ ಊರಿನ ಹೆಸರು ಬದಲಾಯಿತು. ಹಾಗಾಗಿ ಹುಟ್ಟಿದ ಪ್ರಮಾಣಪತ್ರದಲ್ಲಿ ಬಿಜಾಪುರ, ಪದವಿ ಪತ್ರದಲ್ಲಿ ವಿಜಯಪುರ. ಛತ್ತೀಸ್‌ಗಢದಲ್ಲೊಂದು ಬಿಜಾಪುರ ಜಿಲ್ಲೆ, ದೇವನಹಳ್ಳಿ ತಾಲ್ಲೂಕಿನಲ್ಲೊಂದು ವಿಜಯಪುರ ಬೇರೆ. ತಿಕೋಟಾ, ಬಬಲೇಶ್ವರ ಪ್ರತ್ಯೇಕ ತಾಲ್ಲೂಕುಗಳಾದದ್ದೂ ಇತ್ತೀಚೆಗೆ. ಇದನ್ನೆಲ್ಲ ವೀಸಾ ಕೌಂಟರಿನವನಿಗೆ ಬಾಯಲ್ಲಿ ವಿವರಿಸಲಾಗದು. ಹೆಸರು ಬದಲಾವಣೆಯ ಸರಕಾರಿ ಅಧಿಸೂಚನೆಯ ಪ್ರತಿಯನ್ನು ಕಡತದಲ್ಲೇ ಇಟ್ಟುಕೊಳ್ಳಿ.

ಒಂದು ಅನುಕೂಲವೂ ಇದೆ. ಸ್ಪೇನಿನವರಿಗೆ ಎರಡು ಅಡ್ಡಹೆಸರು, ತಂದೆಯದೊಂದು, ತಾಯಿಯದೊಂದು. ಮದುವೆಯಾದರೂ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗುವುದಿಲ್ಲ. ಅವರ ಫಾರಂಗಳೆಲ್ಲ ಅಡ್ಡಹೆಸರಿನ ಮೇಲೆ ನಿಂತಿವೆ. ಹಳೇ ಮೈಸೂರಿನ ಕಡೆಯವರು ತಮ್ಮ ಇನಿಷಿಯಲ್ ಬಿಡಿಸಿ ಬರೆಯಲು ಪರದಾಡುವಾಗ, ಪಾಟೀಲ, ಬಿರಾದಾರ, ಉಳ್ಳಾಗಡ್ಡಿ ಅನ್ನುವ ನಮ್ಮವರು ಪಾರು.

ಅಲ್ಲಿ ಇಳಿದ ಮೇಲೂ ಸರದಿ ಮುಗಿಯದು. ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು, ವಾಸದ ವಿಳಾಸವನ್ನು ನಗರಸಭೆಯಲ್ಲಿ ನೋಂದಾಯಿಸಬೇಕು. ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಯಾವ ಕಚೇರಿಯೂ ಒಳಗೆ ಬಿಡದು, ಮಧ್ಯಾಹ್ನ ಎರಡರ ಮೇಲೆ ಬಹುಪಾಲು ಕೌಂಟರುಗಳು ಮುಚ್ಚಿರುತ್ತವೆ. ಇದು ಅವರ ಸೋಮಾರಿತನವಲ್ಲ. ಬೆಳಿಗ್ಗೆಯೇ ಕಚೇರಿ ಕೆಲಸ ಮುಗಿಸಿ ಮೂರಕ್ಕೆ ಊಟಕ್ಕೆ ಕೂರುವ, ರಾತ್ರಿ ಹತ್ತಕ್ಕೆ ಉಣ್ಣುವ ದೇಶದ ಗಡಿಯಾರ.

ತಪ್ಪು ಕಲ್ಪನೆ: ಸಸ್ಯಾಹಾರಿಗಳು ಉಪವಾಸ ಸಾಯುತ್ತಾರೆ.

ವಾಸ್ತವ: ಹೋಟೆಲಿನಲ್ಲಿ ಎಚ್ಚರ ಬೇಕು. ‘ವೆಹೆತಾಲ್’, ಅಂದರೆ ತರಕಾರಿಯದು, ಎಂದು ಬರೆದ ಸ್ಯಾಂಡ್‌ವಿಚ್ಚಿನಲ್ಲೂ ಟ್ಯೂನಾ ಮೀನು, ಮೊಟ್ಟೆ ಇರುವುದು ಅಲ್ಲಿ ಮಾಮೂಲು. ‘ಕಾರ್ನೆ’ (ಮಾಂಸ) ಬೇಡ ಅಂದರೆ ಸಾಲದು, ಮೀನು, ಹಂದಿ ಎಂದು ಬಿಡಿಬಿಡಿಯಾಗಿ ಹೇಳಬೇಕು. ಮನೆಯಲ್ಲಿ ಅಡಿಗೆ ಮಾಡುವವರಿಗೆ ಕಡಲೆ, ಮಸೂರ, ಅಕ್ಕಿ, ಬದನೆ, ಟೊಮೆಟೊ, ಬೆಳ್ಳುಳ್ಳಿ ಎಲ್ಲ ಧಾರಾಳ. ಶೇಂಗಾ, ಮೆಣಸಿನಕಾಯಿ, ಟೊಮೆಟೊ ಮೂರೂ ಅಮೆರಿಕ ಖಂಡದಿಂದ ಐರೋಪ್ಯರ ಹಡಗು ಹತ್ತಿ ನಮ್ಮ ಕಡೆ ಬಂದವು, ಅಂದಮೇಲೆ ಶೇಂಗಾ ಹಿಂಡಿ ಅಲ್ಲಿ ಪರಕೀಯ ಅನ್ನಿಸಬೇಕಿಲ್ಲ. ಊರಿಂದ ಒಯ್ಯುವಾಗ ಮಾತ್ರ ನಿಯಮ ತಿಳಿದಿರಲಿ: ಐರೋಪ್ಯ ಒಕ್ಕೂಟ ಹೊರಗಿನ ಪ್ರಯಾಣಿಕರ ಚೀಲದಲ್ಲಿ ಮಾಂಸ ಮತ್ತು ಹಾಲಿನ ಪದಾರ್ಥ ಬಿಡುವುದಿಲ್ಲ. ಅವ್ವ ಕಟ್ಟಿಕೊಟ್ಟ ತುಪ್ಪ, ಪೇಢೆ, ಕುಂದಾ ವಿಮಾನ ನಿಲ್ದಾಣದ ಬುಟ್ಟಿಗೆ ಬೀಳುತ್ತವೆ. ಹಸಿ ಕರಿಬೇವು, ನಮ್ಮ ಇಂಡಿ ತಾಲ್ಲೂಕಿನ ನಿಂಬೆಹಣ್ಣೂ ಹಾಗೆಯೇ. ಖಡಕ್ ರೊಟ್ಟಿ, ಹಿಂಡಿ ಪುಡಿಗಳಿಗೆ ತಕರಾರಿಲ್ಲ.

ತಪ್ಪು ಕಲ್ಪನೆ: ಭಾಷೆ ಓದಿದವರಿಗೆ ಕೆಲಸ ಇಲ್ಲ.

ವಾಸ್ತವ: ಬರೀ ಭಾಷೆ ಓದಿದವರಿಗೆ ಕೆಲಸ ಕಡಿಮೆ, ಅದು ನಿಜ. ಯಂತ್ರಾನುವಾದ ಬಂದ ಮೇಲೆ ಸಾಧಾರಣ ಅನುವಾದದ ಕೂಲಿ ಇನ್ನೂ ಇಳಿದಿದೆ. ಎ2 ಮಟ್ಟದ ಸರ್ಟಿಫಿಕೇಟು ಇಟ್ಟುಕೊಂಡು ‘ಫಾರಿನ್ ಲ್ಯಾಂಗ್ವೇಜ್ ಗೊತ್ತು’ ಅನ್ನುವವರನ್ನು ಯಾರೂ ಕೇಳುವುದಿಲ್ಲ. ಕೆಲಸ ಇರುವುದು ಭಾಷೆಯ ಜತೆ ಇನ್ನೊಂದು ಕಸುಬು ಇದ್ದವರಿಗೆ: ಲೆಕ್ಕಪತ್ರ, ಕೃಷಿ, ಔಷಧ ವ್ಯವಹಾರ, ಕಾನೂನು, ಪ್ರವಾಸೋದ್ಯಮ, ಬೋಧನೆ. ಲ್ಯಾಟಿನ್ ಅಮೆರಿಕದ ಗಿರಾಕಿಗಳ ಕೆಲಸ ನೋಡುವ ಬೆಂಗಳೂರಿನ ಕಂಪನಿಗಳು ಬಿ2, ಸಿ1 ಮಟ್ಟದವರನ್ನು ಹುಡುಕುತ್ತವೆ. ಟಾಟಾ ಮತ್ತು ಏರ್‌ಬಸ್ ಸೇರಿ ವಡೋದರಾದಲ್ಲಿ ಸಿ-295 ವಿಮಾನ ಕಟ್ಟುವ ಕಾರ್ಖಾನೆಯನ್ನು 2024ರ ಅಕ್ಟೋಬರಿನಲ್ಲಿ ಭಾರತ, ಸ್ಪೇನ್ ಎರಡೂ ದೇಶಗಳ ಪ್ರಧಾನಿಗಳು ಕೂಡಿ ಉದ್ಘಾಟಿಸಿದರು. ಆ ವಿಮಾನದ ಮೂಲ ಕಾರ್ಖಾನೆ ಇರುವುದು ಸ್ಪೇನಿನ ಸೆವಿಯಾದಲ್ಲಿ. ಬಿ.ಎಸ್ಸಿ. ಕೃಷಿ ಮುಗಿಸಿ, ಬಿ2 ತನಕ ಸ್ಪ್ಯಾನಿಷ್ ಕಲಿತು, ಕೊರ್ದೊಬಾದಂಥ ವಿಶ್ವವಿದ್ಯಾಲಯದಲ್ಲಿ ನೀರಾವರಿಯನ್ನೋ ತೋಟಗಾರಿಕೆಯನ್ನೋ ಓದಿ ಬಂದ ಒಬ್ಬರು ತಿಕೋಟಾಕ್ಕೆ ಎಷ್ಟು ಬೆಲೆ ಬಾಳುತ್ತಾರೆ ಎಂಬುದನ್ನು ದ್ರಾಕ್ಷಿ ಬೆಳೆಗಾರರೇ ಹೇಳಲಿ.

ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜುಗಳು, ಹಿಟ್ಟಿನಹಳ್ಳಿಯ ಕೃಷಿ ಕಾಲೇಜು ಇಂಥ ಕಡೆಗಳಲ್ಲಿ ಸಂಜೆ ಒಂದು ಸ್ಪ್ಯಾನಿಷ್ ತರಗತಿ ನಡೆಯಲಿ ಎಂದು ವಿದ್ಯಾರ್ಥಿಗಳೇ ಅರ್ಜಿ ಕೊಡಬೇಕು. ಕಲಿಸುವವರು ಹೈದರಾಬಾದಿನಲ್ಲಿ, ಅನಂತಪುರದಲ್ಲಿ ಇದ್ದಾರೆ. ಹೋಗುವ ಮನಸ್ಸಿರುವವರು ಏಜೆಂಟರ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಬಿ1 ಮಟ್ಟದ ಪರೀಕ್ಷೆ ಪಾಸು ಮಾಡಿ. ಅಷ್ಟು ಸ್ಪ್ಯಾನಿಷ್ ಬಂದರೆ ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆಯನ್ನು ನೀವೇ ಓದಬಲ್ಲಿರಿ, ಆಮೇಲೆ ಏಜೆಂಟರ ಅಗತ್ಯವೂ ಇರುವುದಿಲ್ಲ.